ಮುಚ್ಚಿದ ಕವಲು

ಹಿತ್ತಲ ಗೋಡೆಗೆ ಒರಗಿಸಿದ್ದ ಹಲಗೆ ಅಲ್ಲಿರಲಿಲ್ಲ. ಒಂದು ಮೊಣಕಾಲನ್ನು ಅದರ ಮೇಲೂರಿ, ಇನ್ನೊಂದು ಕಾಲಿನಿಂದ ತಳ್ಳಿಕೊಂಡು ಕೆಸರಿನ ಮೇಲೆ ಜಾರುತ್ತ ಹೋಗುವ ಹಲಗೆ ಅದು. ಚಿಪ್ಪು ಆಯುವ ಹೆಂಗಸರ ಮನೆಗಳಲ್ಲಿ ತಲೆಗೊಂದರಂತೆ ಇರುತ್ತದೆ. ಆ ಮನೆಯಲ್ಲಿ ಎರಡಿದ್ದವು. ಹಿರಿಸೊಸೆಯದು ಇತ್ತು, ಕಿರಿಸೊಸೆಯದು ಇರಲಿಲ್ಲ.

ಹಿರಿಸೊಸೆ ಕೈಲಿದ್ದ ಚೀಲವನ್ನು ಕೆಳಗಿಡದೆ ಹಾಗೇ ನಿಂತಳು. ಚಿಪ್ಪು ಆಯುವವರ ಸಂಘದ ಶೆಡ್ಡಿನಿಂದ ಆಗಷ್ಟೇ ಬಂದಿದ್ದಳು. ಊಟದ ಹೊತ್ತು ಮೀರಿತ್ತು. ಹಿತ್ತಲಿನಾಚೆ ಹೊಳೆ ಇಳಿದು ಇಳಿದು ತಳ ಕಾಣಿಸುತ್ತಿತ್ತು. ಇನ್ನೇನು ನೀರು ತಿರುಗಿ ಉಬ್ಬರ ಏರಬೇಕು.

ಒಳಗೆ ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾವೂ ತೂಕಡಿಸುತ್ತಿದ್ದರು.

"ಮಾವ, ಅವಳೆಲ್ಲಿ?"

"ಯಾರು?"

"ಇನ್ಯಾರು, ನಿಮ್ಮ ಕಿರಿಸೊಸೆ."

ಮಾವ ಒಂದು ಕಣ್ಣು ಮಾತ್ರ ತೆರೆದರು. "ಅಬ್ಬಾ, ಮಾತು ಬಿಟ್ಟವಳು ವಿಚಾರಿಸ್ಕೊಳ್ತಾ ಇದೀಯಲ್ಲ! ಅಂಗಡಿಗೆ ಹೋಗಿ ಬರ್ತೀನಿ ಅಂದ್ಲು. ಮಗೂನ ಮಲಗಿಸಿ ಹೋದ್ಲು. ಬಹಳ ಹೊತ್ತಾಯ್ತು."

ಬಾಗಿಲ ಬಳಿ ಕಿರಿಯವಳ ಚಪ್ಪಲಿ ಇದ್ದವು. ಅಂಗಡಿಗೆ ಬರಿಗಾಲಲ್ಲಿ ಹೋಗುವವಳಲ್ಲ ಅವಳು. ಹಿರಿಯವಳು ಫೋನ್ ಮಾಡಿದಳು. ಒಳಕೋಣೆಯ ಹಾಸಿಗೆಯಡಿಯಲ್ಲಿ ಅದು ರಿಂಗಾಗಿ, ಮಗು ಮುಲುಗಿ ಮಗ್ಗುಲು ಬದಲಿಸಿತು.

ಗಂಡಂದಿರಿಬ್ಬರೂ ಅಣ್ಣತಮ್ಮಂದಿರು. ಆಳ ಸಮುದ್ರದ ಬೋಟಿಗೆ ಹೋದರೆ ವಾರಗಟ್ಟಲೆ ಮನೆಯ ಕಡೆ ತಲೆ ಹಾಕುವುದಿಲ್ಲ. ಹೀಗಾಗಿ ಮನೆಯೆಂದರೆ ಈ ಓರಗಿತ್ತಿಯರಿಬ್ಬರು, ಮಾವ ಮತ್ತು ಮಗು. ಒಂದೇ ಒಲೆ, ಒಂದೇ ಬಚ್ಚಲು. ಆದರೆ ಹೊಳೆಯ ಒಳಕವಲು ಮುಚ್ಚಿದ ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಮೊಳದಷ್ಟು ದೂರದಲ್ಲಿ ನಿಂತು, "ಅನ್ನ ಆಗಿದೆ ಅಂತ ಹೇಳಿ ಮಾವ," ಎಂದು ಒಬ್ಬಳು ಅಂದರೆ, "ಹಸಿವಿಲ್ಲ ಅಂತ ಹೇಳಿ ಮಾವ," ಎಂದು ಇನ್ನೊಬ್ಬಳು ಅನ್ನುತ್ತಿದ್ದಳು. "ನಾನೇನು ಪೋಸ್ಟ್‌ಮ್ಯಾನಾ? ಸಂಬಳ ಕೊಡಿ ಹಾಗಾದ್ರೆ," ಎಂದು ಮಾವ ಗೊಣಗುತ್ತಿದ್ದರು.

ಕವಲು ಮುಚ್ಚಬೇಕೆಂದು ಸಂಘದಲ್ಲಿ ಹಟ ಹಿಡಿದವಳು ಹಿರಿಯವಳೇ. ಉಪ್ಪುನೀರಿನಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಕಾಡು ಊರಿನ ಪಕ್ಕಕ್ಕೇ ಇತ್ತು. ಹೊಳೆಯ ಒಂದು ಕವಲು ಅದರ ಹೊಟ್ಟೆಯೊಳಗೆ ಹೊಕ್ಕಿತ್ತು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿನ ಚಿಪ್ಪು ಒಂದೊಂದೂ ಅಂಗೈ ತುಂಬುತ್ತಿತ್ತು. ಬರಬರುತ್ತ ನಿಂಬೆಹಣ್ಣಿನಷ್ಟಾಯಿತು. ಕಬ್ಬಿಣದ ಹಲ್ಲುಗಳ ಕೋಲು ಹಾಕಿ ಕೆಸರು ಕೆರೆಯುವುದು ಶುರುವಾದ ಮೇಲಂತೂ ಬುಟ್ಟಿಯಲ್ಲಿ ಬರುತ್ತಿದ್ದದ್ದು ಉಗುರಿನಷ್ಟು ಮರಿಗಳು. ಹರಿದ ಬೇರಿನ ಚೂರುಗಳೂ ಅವುಗಳ ಜೊತೆಗೇ ಬರುತ್ತಿದ್ದವು. ಮೀನುಗಾರಿಕೆ ಇಲಾಖೆಯ ಮೇಡಂ ಬಂದು ನೋಡಿ, ಮರಿಗಳು ನೆಲೆ ನಿಲ್ಲುವುದು ಈ ಬೇರುಗಳ ಬುಡದಲ್ಲೇ, ಇಲ್ಲಿ ಸ್ವಲ್ಪ ಕಾಲ ಕೈ ಹಾಕದಿದ್ದರೆ ಇಡೀ ಹೊಳೆಗೆ ಒಳ್ಳೆಯದು ಎಂದಿದ್ದರು. ಹಿರಿಯವಳು ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಂದಿನ ಮಳೆಗಾಲ ಕಳೆಯುವವರೆಗೆ ಇಡೀ ಕವಲು ಬಂದ್ ಎಂದಳು. ಕದ್ದು ಇಳಿದವರು ಸಿಕ್ಕಿಬಿದ್ದರೆ ಅವರ ಮನೆಯವರು ಯಾರೂ ಅಲ್ಲಿಯವರೆಗೆ ಎಲ್ಲಿಯೂ ಕೆಸರಿಗಿಳಿಯುವಂತಿಲ್ಲ ಎಂಬ ನಿಯಮವನ್ನೂ ತಂದಳು. ಕೈ ಎತ್ತುವಾಗ ಎಲ್ಲರೂ ಎತ್ತಿದರು, ಕಿರಿಯವಳೊಬ್ಬಳನ್ನು ಬಿಟ್ಟು.

ಕಾವಲಿನ ಜವಾಬ್ದಾರಿಯೂ ಹಿರಿಯವಳಿಗೇ ಬಿತ್ತು. ಕೊರಳಲ್ಲಿ ಪೀಪಿ ನೇತುಹಾಕಿಕೊಂಡು ಓಡಾಡುತ್ತಿದ್ದುದರಿಂದ ಊರು ಅವಳನ್ನು ಪೀಪಿ ಅಕ್ಕ ಎಂದು ಕರೆಯತೊಡಗಿತು. ಹಿಂದಿನ ತಿಂಗಳು, ಕವಲಿನ ಬಾಯಲ್ಲಿ ಕಟ್ಟಿದ್ದ ಹಗ್ಗದ ಪಕ್ಕ ಒಬ್ಬ ಮುದುಕಿ ಬಗ್ಗಿದ್ದನ್ನು ನೋಡಿ ಪೀಪಿ ಊದಿ ಊರು ಸೇರಿಸಿದ್ದಳು. ಮುದುಕಿ ಬುಟ್ಟಿ ಕವುಚಿ ತೋರಿಸಿದಾಗ ಬಿದ್ದದ್ದು ಒಂದು ಹಿಡಿ. ಒಂದು ಹಿಡಿಗೆ ಶಿಕ್ಷೆ ಬೇಡವೆಂದು ಸಂಘ ಬಿಟ್ಟರೂ ಆ ಮೇಲೆ ಮುದುಕಿ ಶೆಡ್ಡಿನ ಕಡೆ ಬಂದೇ ಇರಲಿಲ್ಲ.

ಈಗ ಅವಳು ಮತ್ತೆ ಹಿತ್ತಲಿಗೆ ಬಂದು ಹೊಳೆಯ ಕಡೆ ನೋಡಿದಳು. ದೋಣಿಕಟ್ಟೆಯಲ್ಲಿ ಬಲೆ ತೇಪೆ ಹಾಕುತ್ತ ಕೂತವರನ್ನು ಕೂಗಿದರೆ ಒಂದೇ ಕ್ಷಣಕ್ಕೆ ಹತ್ತು ಜನ ಬರುತ್ತಾರೆ. ಬಂದು ಏನು ನೋಡುತ್ತಾರೆ? ಪೀಪಿ ಅಕ್ಕನ ಮನೆಯವಳೇ ಒಳಗೆ. ನಾಳೆ ಬೆಳಗಾಗುವುದರೊಳಗೆ ಹಗ್ಗ ಬಿಚ್ಚಿ ಎಸೆಯುತ್ತಾರೆ. ಸದ್ದಿಲ್ಲದೆ ಹೋಗಿ, ಕಿವಿ ಹಿಂಡಿ ಕರೆದುಕೊಂಡು ಬಂದುಬಿಡೋಣ ಅಂದುಕೊಂಡಳು. ತನ್ನ ಹಲಗೆಯನ್ನೂ ಒಂದು ತಗಡಿನ ಡಬ್ಬವನ್ನೂ ಸಣ್ಣ ದೋಣಿಗೆ ಎಸೆದು ಹುಟ್ಟು ಹಾಕಿದಳು.

ಕಟ್ಟೆಯ ಮೇಲಿಂದ ಯಾರೋ ಕೂಗಿದರು: "ಎಲ್ಲಿಗೆ ಪೀಪಿ ಅಕ್ಕ, ಊಟ ಆಯ್ತಾ?"

"ಆಯ್ತು, ಆಯ್ತು. ಹಗ್ಗ ನೋಡ್ಕೊಂಡು ಬರ್ತೀನಿ."

ಅವಳ ಧ್ವನಿ ಅವಳಿಗೇ ಹಿಡಿಸಲಿಲ್ಲ.

ಕವಲಿನ ಬಾಯಲ್ಲಿ ಕೆಂಪು ಬಟ್ಟೆ ಕಟ್ಟಿದ ಹಗ್ಗ ಹಾಗೇ ಇತ್ತು. ದೋಣಿಯಲ್ಲಿ ಬಗ್ಗಿ ಅದರಡಿ ನುಸುಳಿದಳು. ಒಳಗೆ ಬಿಸಿಲು ಕಡಿಮೆಯಾಗಿ, ನೆರಳಿನ ಜೊತೆ ಕೊಳೆತ ಎಲೆಯ ವಾಸನೆ ಮುಖಕ್ಕೆ ಬಡಿಯಿತು. ಎರಡೂ ಬದಿಗೆ ಕೆಸರಿನ ದಿಬ್ಬ. ಅದರ ತುಂಬ ಬೆರಳು ಮೇಲೆತ್ತಿದಂತೆ ನಿಂತ ಉಸಿರುಬೇರುಗಳು. ನಡುವೆ ಒಂದು ಕಡೆ ಹಲಗೆ ಜಾರಿದ ಗೆರೆ, ನುಣುಪಾಗಿ, ಹಸಿಯಾಗಿ. ಅವಳು ಗೆರೆಯ ಜಾಡು ಹಿಡಿದಳು.

"ಏ ಹುಡುಗಿ," ಎಂದು ಕರೆದಳು. ಕಟ್ಟೆಯವರಿಗೆ ಕೇಳಬಾರದೆಂದು ಪಿಸುಮಾತಿಗಿಂತ ಸ್ವಲ್ಪ ಗಟ್ಟಿಯಾಗಿ. ಕಳೆದುಹೋದವರನ್ನು ಯಾರಾದರೂ ಹೀಗೆ ಕರೆಯುತ್ತಾರೆಯೇ ಎಂದು ಅನ್ನಿಸಿ ನಾಚಿಕೆಯಾಯಿತು. ಆದರೂ ಮತ್ತೆ ಹಾಗೇ ಕರೆದಳು.

ಏಡಿಗಳು ಸರಸರನೆ ಬಿಲ ಸೇರಿದವು. ಗೆರೆ ಒಂದು ಕಡೆ ಎರಡಾಯಿತು. ಇನ್ನೊಂದು ಹಳೆಯದು, ಅಂಚು ಒಣಗಿದ್ದು. ಅಂದರೆ ಇವಳು ಇಂದು ಮೊದಲ ಸಲ ಬಂದವಳಲ್ಲ. ಸಿಟ್ಟು ನೆತ್ತಿಗೇರಿತು. ಬೆನ್ನಿಗೇ, ಏಡಿಬಿಲಗಳಿಂದ ಗುಳುಗುಳು ಎಂದು ಗುಳ್ಳೆ ಏಳುವ ಸದ್ದು ಕೇಳಿ ಆ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ನೀರು ತಿರುಗಿತ್ತು.

ಮೊದಲು ಕಂಡದ್ದು ಬುಟ್ಟಿ. ಬೇರಿಗೆ ಸಿಕ್ಕಿಕೊಂಡು ವಾಲಿತ್ತು. ಆಚೆ ದೊಡ್ಡ ಮರವೊಂದರ ಬುಡದಲ್ಲಿ, ಎರಡೂ ಕೈಯಿಂದ ಬೇರು ತಬ್ಬಿಕೊಂಡು ಕಿರಿಯವಳಿದ್ದಳು. ತೊಡೆಯವರೆಗೆ ಕೆಸರು ನುಂಗಿತ್ತು. ಮುಖಕ್ಕೆಲ್ಲ ಕೆಸರು ಮೆತ್ತಿ, ಕಣ್ಣುಗಳು ಮಾತ್ರ ಬೆಳ್ಳಗೆ ಕಾಣುತ್ತಿದ್ದವು.

"ಅಕ್ಕಾ," ಅಂದಳು. ಇಷ್ಟು ದಿನಕ್ಕೆ ಅದೇ ಮೊದಲ ಮಾತು. "ಮಗು ಎದ್ದಿದೆಯಾ?"

"ಮಗು ಸುದ್ದಿ ಈಗ ನೆನಪಾಯ್ತಾ? ಕೂಗೋಕೆ ಬಾಯಿ ಇರ್ಲಿಲ್ವಾ ನಿಂಗೆ? ಕರೀತಾ ಬಂದೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿನ್ನ ಜೊತೆ ಯಾರಿದಾರೋ ಅಂತ..." ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. "ಬೇರಿನ ಹಿಂದಕ್ಕೆ ಕೈ ಹಾಕೋಣ ಅಂತ ಹಲಗೆಯಿಂದ ಇಳಿದೆ. ಹಲಗೆ ಜಾರಿ ಹೋಯ್ತು. ಎಳೆದಷ್ಟೂ ಒಳಗೇ ಹೋಗ್ತಾ ಇದೀನಿ ಅಕ್ಕ."

"ಎಳೀಬೇಡ. ಅಲ್ಲಾಡ್ಬೇಡ. ಸುಮ್ನಿರು."

ಹಿರಿಯವಳು ದೋಣಿಯನ್ನು ಬೇರಿಗೆ ಕಟ್ಟಿ, ತನ್ನ ಹಲಗೆಯ ಮೇಲೆ ಬೋರಲು ಮಲಗಿ ಅವಳತ್ತ ಸರಿದಳು. ಕಂಕುಳಿಗೆ ಕೈ ಹಾಕಿ ಎತ್ತಿದಳು. ಕಿರಿಯವಳು ಕಿರುಚಿದಳೇ ಹೊರತು ಬೆರಳಷ್ಟೂ ಮೇಲೆ ಬರಲಿಲ್ಲ. ಇನ್ನೊಮ್ಮೆ ಎಳೆಯಹೋಗಿ ಹಿರಿಯವಳ ಕೈಯೇ ಮೊಣಕೈವರೆಗೆ ಹೂತಿತು. ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಕಾಲಿನ ಸುತ್ತ ನೀರು ಹಾಕಿ ಕೆಸರು ಸಡಿಲಿಸಬೇಕು, ಅದೇ ಹೊತ್ತಿಗೆ ಇನ್ನಿಬ್ಬರು ಎರಡು ಬದಿಯಿಂದ ಹಿಡಿದಿರಬೇಕು. ಅಷ್ಟು ಅವಳಿಗೆ ಗೊತ್ತು. ಒಬ್ಬಳಿಂದ ಆಗುವ ಕೆಲಸವಲ್ಲ ಅನ್ನುವುದೂ ಗೊತ್ತು.

ನೀರು ಬೇರುಗಳ ನಡುವಿನಿಂದ ತೆಳ್ಳಗೆ ಹರಿದು ಬಂದು ಕಿರಿಯವಳ ಸೊಂಟವನ್ನು ಮುಟ್ಟಿತು.

ಹಿರಿಯವಳ ಕೈ ಪೀಪಿಯ ಮೇಲೆ ಹೋಯಿತು.

"ಬೇಡ ಅಕ್ಕ," ಕಿರಿಯವಳು ಅವಳ ತೋಳು ಹಿಡಿದಳು. "ಊದಬೇಡ. ಎಲ್ಲರೂ ಬರ್ತಾರೆ. ನಿನ್ನ ಮುಖಕ್ಕೆ ಮಸಿ ಬಳಿದ ಹಾಗಾಗುತ್ತೆ. ನೀರು ಬಂದರೆ ಕೆಸರು ತಾನೇ ಸಡಿಲ ಆಗುತ್ತೆ, ನೋಡು."

ಒಂದು ಉಸಿರಿನಷ್ಟು ಹೊತ್ತು ಹಿರಿಯವಳು ನಿಜವಾಗಿಯೂ ಯೋಚಿಸಿದಳು. ಸಡಿಲ ಆದರೂ ಆಗಬಹುದು. ಯಾರಿಗೂ ಗೊತ್ತಾಗದೆ ಮುಗಿಯಬಹುದು. ಹಾಗೆ ಯೋಚಿಸುತ್ತಿರುವುದು ತಾನೇ ಎಂದು ತಿಳಿದದ್ದೇ ಅವಳ ಕೈ ಬಿಡಿಸಿಕೊಂಡಳು. ಪೀಪಿಯನ್ನು ಬಾಯಿಗಿಟ್ಟು ಎದೆಯಲ್ಲಿದ್ದ ಗಾಳಿಯನ್ನೆಲ್ಲ ಊದಿದಳು. ಊದುತ್ತಲೇ ಇದ್ದಳು. ಮರದ ಮೇಲಿನ ಹಕ್ಕಿಗಳೆಲ್ಲ ಗುಂಪಾಗಿ ಎದ್ದವು.

ಕಟ್ಟೆಯಿಂದ ದೋಣಿ ಬರಲು ಎಷ್ಟು ಹೊತ್ತು ಬೇಕು ಎಂದು ಅವಳು ಲೆಕ್ಕ ಹಾಕುವ ಮೊದಲೇ ಹುಟ್ಟಿನ ಸದ್ದು ಕೇಳಿತು. ಆದರೆ ಕವಲಿನ ಬಾಯ ಕಡೆಯಿಂದಲ್ಲ. ಕಾಡಿನ ಇನ್ನೂ ಒಳಗಿನಿಂದ.

ಕೊಂಬೆ ಸರಿಸಿಕೊಂಡು ದೋಣಿಯೊಂದು ಬಂತು. ಹುಟ್ಟು ಹಿಡಿದವಳು ಮೈಕ್. ಧ್ವನಿವರ್ಧಕವಿಲ್ಲದೆ ಇಡೀ ಕಟ್ಟೆಗೆ ಕೇಳುವಂತೆ ಮಾತಾಡುವವಳೆಂದು ಅವಳಿಗೆ ಆ ಹೆಸರು. ಕವಲು ಮುಚ್ಚುವ ದಿನ ಎಲ್ಲರಿಗಿಂತ ಮೊದಲು, ಎರಡೂ ಕೈ ಎತ್ತಿದವಳು. ಅವಳ ಹಿಂದೆ ಅವಳ ನಾದಿನಿ. ಇಬ್ಬರ ಕೈಗೂ ಭುಜದವರೆಗೆ ಕೆಸರು. ದೋಣಿಯ ತಳದಲ್ಲಿ ಹಸಿ ಎಲೆ ಮುಚ್ಚಿದ ಎರಡು ಚೀಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಎಷ್ಟು ಹೂತಿದಾಳೆ?" ಮೈಕ್ ಕೇಳಿದಳು, ತಗ್ಗಿದ ದನಿಯಲ್ಲಿ.

"ತೊಡೆವರೆಗೆ. ಡಬ್ಬ ಇದೆ. ನೀನು ಬಲಗಡೆ ಹಿಡಿ, ನಿನ್ನ ನಾದಿನಿ ಎಡಗಡೆ. ಎಳೀಬೇಡಿ, ಬರೀ ಹಿಡ್ಕೊಳ್ಳಿ."

ಎರಡು ಹಲಗೆ ಹಾಸಿದರು. ಹಿರಿಯವಳು ಡಬ್ಬದಲ್ಲಿ ನೀರು ಮೊಗೆದು ಮೊಗೆದು ಕಾಲಿನುದ್ದಕ್ಕೂ ಸುರಿಯುತ್ತ, ಇನ್ನೊಂದು ಕೈಯಿಂದ ಕೆಸರನ್ನು ತೋಡುತ್ತ ಹೋದಳು. "ಹಿಂದಕ್ಕೆ ಒರಗು. ಅಂಗಾತ ಮಲಗು. ನಂಬಿ ಮಲಗೇ, ಬಿಡಲ್ಲ," ಎಂದು ಮೈಕ್ ಹೇಳುತ್ತಿದ್ದಳು. ನೀರು ಕಿರಿಯವಳ ಎದೆಗೆ, ಆಮೇಲೆ ಕುತ್ತಿಗೆಗೆ ಬಂತು. ಅವಳು ಅಳುತ್ತಿರಲಿಲ್ಲ, ಮಗುವಿನ ಹೆಸರನ್ನು ಮಾತ್ರ ಗೊಣಗುತ್ತಿದ್ದಳು. ಹಿರಿಯವಳ ಉಗುರುಗಳ ಸಂದಿಯಿಂದ ರಕ್ತ ಒಸರುತ್ತಿತ್ತು. ಎಲ್ಲಿ ಕೈ ಹಾಕಿದರೂ ಕೆಸರು ಮತ್ತೆ ಕೂಡಿಕೊಳ್ಳುತ್ತಿತ್ತು. ಈ ಕಾಲು ಬರುವುದಿಲ್ಲ, ತಾನು ಮನೆಗೆ ಹೋಗಿ ಮಾವನಿಗೆ ಏನು ಹೇಳಲಿ ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ಆಗ ಪಚಕ್ ಎಂದು ಒಂದು ಕಾಲು ಬಂತು.

ಎರಡನೆಯದಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ. ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದರು. ದೋಣಿಗೆ ಎತ್ತಿ ಹಾಕಿದಾಗ ಕಿರಿಯವಳು ತನ್ನ ಕಾಲನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡಳು.

ಕಟ್ಟೆಯಿಂದ ಬಂದ ದೋಣಿಗಳು ಅಷ್ಟರಲ್ಲಿ ಹಗ್ಗದ ಬಳಿ, ದಾಟಬಹುದೋ ಬಾರದೋ ಎಂದು ಗದ್ದಲ ಮಾಡುತ್ತಿದ್ದವು. ಮೈಕ್ ತನ್ನ ಚೀಲಗಳ ಮೇಲೆ ಇನ್ನಷ್ಟು ಎಲೆ ಎಳೆದಳು. ನಂತರ ಹಿರಿಯವಳ ಕಿವಿಯ ಹತ್ತಿರ ಬಂದಳು.

"ನೋಡು, ಹಲಗೆ ತೇಲಿ ಬಂತು, ಹಿಡಿಯೋಕೆ ಬಂದು ಸಿಕ್ಕಿಬಿದ್ಲು ಅಂತ ಹೇಳೋಣ. ನಾವು ಪೀಪಿ ಕೇಳಿ ಬಂದ್ವಿ. ನಾವೇನೂ ನೋಡಿಲ್ಲ, ನೀನೂ ಏನೂ ನೋಡಿಲ್ಲ. ಸರಿನಾ?"

ಹಿರಿಯವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹಗ್ಗದ ಬಳಿ ಜನ ಕೇಳಿದಾಗ ಮೈಕ್ ತನ್ನ ಎಂದಿನ ಧ್ವನಿಯಲ್ಲಿ ಆ ಕತೆ ಹೇಳಿದಳು. ಎಲ್ಲರೂ ನಂಬಿದರು, ಇಲ್ಲವೇ ನಂಬಿದಂತೆ ಮಾಡಿದರು.

ಮನೆಯಲ್ಲಿ ಮಾವ ನೀರು ಕಾಯಿಸಿಟ್ಟಿದ್ದರು. ಮಗುವನ್ನು ಕಿರಿಯವಳ ಮಡಿಲಿಗೆ ಹಾಕಿ, ಮೂಗು ಒರೆಸಿಕೊಳ್ಳುತ್ತ ಹೊರಗೆ ಹೋದರು. ಹಿರಿಯವಳು ಒಲೆಯ ಮುಂದೆ ಕೂತು ಕಿರಿಯವಳ ಕಾಲಿಗೆ ಎಣ್ಣೆ ತಿಕ್ಕಿದಳು. ಬೇರು ಗೀರಿದ ಗಾಯಗಳು ತೊಡೆಯುದ್ದಕ್ಕೂ ಇದ್ದವು.

"ಎಷ್ಟು ಸಲ ಹೋಗಿದ್ದೆ?"

"ತುಂಬಾ ಸಲ."

"ಯಾಕೆ? ಮುಚ್ಚದೇ ಇರೋ ಹೊರಗಿನ ದಿಬ್ಬ ಇರ್ಲಿಲ್ವಾ? ಅಲ್ಲಿಗೆ ಯಾರು ಬೇಡ ಅಂದ್ರು?"

ಕಿರಿಯವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. "ಹೊರಗಿನ ದಿಬ್ಬಕ್ಕೆ ಹೋಗಿ ಬರೋದ್ರಲ್ಲೇ ಇಡೀ ದಿನ ಹೋಗುತ್ತೆ. ಈ ಮಗು ನಾನಿಲ್ಲದೆ ಅಷ್ಟು ಹೊತ್ತು ಇರುತ್ತಾ? ಮಾವ ಎಷ್ಟು ಅಂತ ನೋಡ್ಕೋತಾರೆ? ಅವತ್ತು ಸಂಘದಲ್ಲಿ ಅದನ್ನೇ ಹೇಳೋಕೆ ಬಾಯಿ ತೆಗೆದೆ. ನೀನು ಏನಂದೆ? 'ಮನೇಲೇ ಒಗ್ಗಟ್ಟಿಲ್ಲ ಅಂತ ಜನ ನಗ್ತಾರೆ, ಕೂತ್ಕೋ' ಅಂದೆ. ಕೂತ್ಕೊಂಡೆ."

ಹಿರಿಯವಳಿಗೆ ಆ ಮಾತು ಆಡಿದ ನೆನಪಿರಲಿಲ್ಲ. ಆದರೆ ಆಡಿರುತ್ತೇನೆ ಎಂದು ಅನ್ನಿಸಿತು. ಅವಳಿಗೆ ಮಕ್ಕಳಿರಲಿಲ್ಲ. ಹೊರಗಿನ ದಿಬ್ಬ ಅವಳಿಗೆ ಎಂದೂ ದೂರ ಅನ್ನಿಸಿರಲಿಲ್ಲ.

"ನಾನೊಬ್ಬಳೇ ಅಲ್ಲ ಅಕ್ಕ," ಕಿರಿಯವಳು ಮೆಲ್ಲಗೆ ಹೇಳಿದಳು. "ಹತ್ತಿರ ಇರೋದು ಅದೊಂದೇ. ಮಕ್ಕಳಿರೋರು, ವಯಸ್ಸಾದೋರು, ಎಲ್ಲಿಗೆ ಹೋಗ್ಬೇಕು? ನೀನು ಶೆಡ್ಡಲ್ಲಿರೋ ಹೊತ್ತು ನೋಡ್ಕೊಂಡು ಹೋಗ್ತಿದ್ವಿ."

ಹಿರಿಯವಳು ಎಣ್ಣೆಯ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತಳು. ತಾನು ಕೊರಳಲ್ಲಿ ಪೀಪಿ ಕಟ್ಟಿಕೊಂಡು ಸುತ್ತುತ್ತಿದ್ದಾಗ, ಅರ್ಧ ಊರು ತನ್ನ ಬೆನ್ನ ಹಿಂದೆ ಹಗ್ಗ ನುಸುಳುತ್ತಿತ್ತು. ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇವತ್ತು ಇವಳು. ಕದ್ದು ಹೋಗುವವರು ಒಬ್ಬಂಟಿಯಾಗಿ ಹೋಗುತ್ತಾರೆ, ಹೇಳದೆ ಹೋಗುತ್ತಾರೆ, ಸಿಕ್ಕಿಬಿದ್ದರೂ ಕೂಗುವುದಿಲ್ಲ. ನಾಳೆ ಯಾರು?

ಸಂಘದ ಸಭೆ ಭಾನುವಾರವಿತ್ತು. ಅಲ್ಲಿಯವರೆಗೆ ಅವಳು ಒಂದೇ ಲೆಕ್ಕ ಹಾಕುತ್ತಿದ್ದಳು. ನಿಜ ಹೇಳಿದರೆ ಎರಡು ಮನೆ ಕೆಸರಿನಿಂದ ಹೊರಗಾಗುತ್ತವೆ, ತನ್ನದೂ ಸೇರಿ. ಹೇಳದಿದ್ದರೆ ಹಗ್ಗ ಹಗ್ಗವಾಗಿಯೇ ಉಳಿಯುತ್ತದೆ, ಮರಿಗಳು ಉಳಿಯುವುದಿಲ್ಲ. ನೀರು ಇಳಿಯುವ ಹೊತ್ತಾದರೆ ಸಾಕು, ಹಿತ್ತಲಿಗೆ ಹೋಗಿ ಕಾಡಿನ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಸಭೆಯಲ್ಲಿ ಅವಳು ಎದ್ದು ನಿಂತಳು. "ಹಲಗೆ ತೇಲಿ ಬಂದದ್ದಲ್ಲ. ನಮ್ಮನೆಯವಳು ಚಿಪ್ಪು ತೆಗೆಯೋಕೇ ಹೋಗಿದ್ದು. ನಿಯಮ ಮಾಡಿದವಳು ನಾನು, ನಮ್ಮನೆಗೇ ಮೊದಲು ಹಾಕಿ. ಇನ್ನೊಂದು ಮಾತು. ಪೀಪಿ ಊದಿದಾಗ ನನಗೆ ಸಹಾಯಕ್ಕೆ ಬಂದೋರು ಎಲ್ಲಿಂದ ಬಂದ್ರು ಅಂತ ನಾನು ಹೇಳಲ್ಲ. ಅವರು ಬರದೇ ಇದ್ದಿದ್ರೆ ಇವಳು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ."

ಮೈಕ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಇಡೀ ಶೆಡ್ಡು ತನ್ನ ತನ್ನ ಪಾದ ನೋಡಿಕೊಳ್ಳುತ್ತಿತ್ತು. ಕೊನೆಗೆ ಹಿಂದಿನ ಸಾಲಿನಿಂದ, ಇಷ್ಟು ದಿನ ಮುಖ ತೋರಿಸದೆ ಇದ್ದ ಆ ಮುದುಕಿ ಮಾತಾಡಿದಳು: "ನನ್ನ ಮೇಲೆ ಊದಿದಾಗ ಇಷ್ಟೆಲ್ಲ ಮಾತಿರ್ಲಿಲ್ವಲ್ಲ ತಾಯಿ."

"ಇರ್ಲಿಲ್ಲ ಅಜ್ಜಿ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ನನ್ನ ಬುಟ್ಟಿ ತುಂಬುತ್ತಾ?" ಎಂದಳು ಮುದುಕಿ. ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಜಗಳ ಶುರುವಾಯಿತು. ಎಲ್ಲವನ್ನೂ ತೆರೆಯಿರಿ ಎಂದು ಕೆಲವರು, ಯಾವುದನ್ನೂ ತೆರೆಯಬೇಡಿ ಎಂದು ಕೆಲವರು. ಸಭೆಗೆ ಬಂದಿದ್ದ ಇಲಾಖೆಯ ಮೇಡಂ ತಾಳ್ಮೆಯಿಂದ ಕೇಳಿಸಿಕೊಂಡು, ಮರಿಗಳು ಹೆಚ್ಚಾಗಿರುವುದು ಒಳಗಿನ ತಿರುವಿನಿಂದಾಚೆ, ಬಾಯ ಹತ್ತಿರದ ದಿಬ್ಬ ಬಿಟ್ಟುಕೊಟ್ಟರೆ ಅಷ್ಟು ನಷ್ಟವಾಗದು ಎಂದರು. ಸಂಜೆ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದರು. ಬಾಯ ಹತ್ತಿರದ ದಿಬ್ಬ ಮಕ್ಕಳಿರುವವರಿಗೆ, ವಯಸ್ಸಾದವರಿಗೆ. ಬರಿಗೈಯಲ್ಲಿ ಮಾತ್ರ, ಇಬ್ಬರು ಜೊತೆಯಾಗಿ ಮಾತ್ರ. ಬಳೆಯಂಥ ಕಬ್ಬಿಣದ ಉಂಗುರದೊಳಗಿಂದ ಹಾದುಹೋಗುವ ಚಿಪ್ಪನ್ನು ಅಲ್ಲೇ ಬಿಟ್ಟುಬರಬೇಕು. ತಿರುವಿನಿಂದಾಚೆಗೆ ಯಾರೂ ಇಲ್ಲ. ಕಾವಲು ಸರದಿಯ ಮೇಲೆ. ಇಡೀ ಮನೆಗೆ ಬಹಿಷ್ಕಾರ ಹಾಕುವ ನಿಯಮ ಹೋಯಿತು. ಕಿರಿಯವಳಿಗೂ, ತಾನಾಗಿಯೇ ಎದ್ದು ನಿಂತ ಮೈಕ್‌ಗೂ ಆ ತಿಂಗಳು ಕೆಸರಿಲ್ಲ, ಬದಲಿಗೆ ಶೆಡ್ಡಿನ ಕೆಲಸ.

ಮಳೆಗಾಲ ಬಂದು ಹೋಯಿತು. ಆ ತಿಂಗಳುಗಳಲ್ಲಿ ಯಾರೂ ಕದಿಯಲಿಲ್ಲ ಎಂದು ಹಿರಿಯವಳು ಆಣೆ ಇಟ್ಟು ಹೇಳಲಾರಳು. ತಿರುವಿನ ಬಳಿ ಒಂದೆರಡು ಸಲ ಅಪರಿಚಿತ ಗೆರೆಗಳನ್ನು ಕಂಡಿದ್ದಳು. ಆದರೆ ಈಗ ಮನೆಯಲ್ಲಿ ಹೇಳಿಕೊಳ್ಳಲು ಒಬ್ಬಳಿದ್ದಳು. "ಅಕ್ಕ, ಅದು ನೀರುನಾಯಿ ಜಾರಿದ ಗುರುತು. ನಿನಗೆ ಎಲ್ಲ ಕಳ್ಳರ ಥರಾನೇ ಕಾಣ್ಸುತ್ತೆ," ಎಂದು ಕಿರಿಯವಳು ಛೇಡಿಸುತ್ತಿದ್ದಳು. ಮಾವನಿಗೆ ಪೋಸ್ಟ್‌ಮ್ಯಾನ್ ಕೆಲಸ ತಪ್ಪಿ ಹೋಗಿತ್ತು.

ತಿರುವಿನಾಚೆಯ ಭಾಗ ತೆರೆಯುವ ಬೆಳಗ್ಗೆ ಹೆಂಗಸರೆಲ್ಲ ದೋಣಿಗಳಲ್ಲಿ ಕಾದರು. ಓರಗಿತ್ತಿಯರು ಒಂದೇ ದೋಣಿಯಲ್ಲಿದ್ದರು. ನೀರು ನಿಧಾನವಾಗಿ ಇಳಿಯುತ್ತಿತ್ತು, ಹಿರಿಯವಳಿಗೆ ಬೇಕೆಂದೇ ತಡಮಾಡುತ್ತಿದೆ ಅನ್ನಿಸುತ್ತಿತ್ತು. ಏನೂ ಇರದಿದ್ದರೆ? ಇಷ್ಟು ಮನೆಗಳ ಬಾಯಿ ಕಟ್ಟಿಸಿ, ಒಂದು ಜೀವ ಹೋಗುವಷ್ಟರ ಮಟ್ಟಿಗೆ ತಂದು, ಕೊನೆಗೆ ಬರಿ ಕೆಸರು ಸಿಕ್ಕಿದರೆ?

ಕೆಸರು ತಲೆ ಎತ್ತಿದ ಕೂಡಲೇ ಅವಳು ಬೇರಿನ ಬುಡಕ್ಕೆ ಕೈ ಹಾಕಿದಳು. ಮೊದಲ ಜಾಗದಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ. ಅಲ್ಲಿ ಹಿಂದೆ ಕೋಲು ಹಾಕಿ ಕೆರೆದಿದ್ದರು. ಬೇರು ಕಡಿದಲ್ಲಿ ಇನ್ನೂ ಚಿಗುರಿರಲಿಲ್ಲ. ಅವಳು ಮುಖ ಎತ್ತಲಿಲ್ಲ.

"ಈ ಕಡೆ ಬಾ ಅಕ್ಕ," ಎಂದು ಕಿರಿಯವಳು ಕರೆದಳು. ಅವಳ ತೋಳು ಮೊಣಕೈವರೆಗೆ ಕೆಸರಿನಲ್ಲಿತ್ತು. "ಕೈ ಕೊಡು ಇಲ್ಲಿ."

ಹಿರಿಯವಳ ಕೈಯನ್ನು ಹಿಡಿದು ಒಳಕ್ಕೆ ಒಯ್ದಳು. ತಣ್ಣನೆಯ ಕೆಸರಿನಲ್ಲಿ ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಗಟ್ಟಿಯಾಗಿ ಚಿಪ್ಪುಗಳು ಬೆರಳಿಗೆ ತಾಗಿದವು. ಅಂಗೈ ತುಂಬುವಂಥವಲ್ಲ, ಅದಕ್ಕೆ ಇನ್ನೂ ಕಾಲ ಬೇಕು. ಆದರೆ ಉಂಗುರದಲ್ಲಿ ಹಾದುಹೋಗದಷ್ಟು ದೊಡ್ಡವು ಇದ್ದವು, ಅವುಗಳ ಸುತ್ತ ಉಗುರಿನಷ್ಟು ಮರಿಗಳು ಲೆಕ್ಕವಿಲ್ಲದಷ್ಟು.

"ದೊಡ್ಡದು ಮಾತ್ರ," ಎಂದಳು ಹಿರಿಯವಳು. ಧ್ವನಿ ಒಡೆದಿತ್ತು.

"ಗೊತ್ತು ಮಾರಾಯ್ತಿ," ಎಂದಳು ಕಿರಿಯವಳು. "ಅಳೋದಾದ್ರೆ ಆಮೇಲೆ ಅಳು. ನೀರು ಕಾಯಲ್ಲ."